ತುರ್ತುಕ್‌ಗೆ ಹೋಗೂದಾದ್ರ ಇರ್ಲಿಕ್ಕೆ ಹೋಗ್ರಿ, ನೋಡ್ಲಿಕ್ಕೆ ಅಲ್ಲ

ಹೋದ ವಾರ ನಮ್ಮ ವೈನಿ ಮನ್ಯಾಗ ಲಡಾಖ್ ಪ್ರವಾಸದ ಸಭಾ ಆತು. ಆರು ಮಂದಿ ಹೆಣ್ಣಮಕ್ಕಳು, ಎರಡು ತಾಟು ಚೂಡಾ, ಹುಡುಗೂರು ಬರದ ಒಂದು ಕಾಗದ. ಒಂದನೇ ದಿನ ವಿಮಾನದಾಗ ಲೇಹ್. ಎರಡನೇ ದಿನ ಖರ್ದುಂಗ್ ಲಾ ಘಾಟು ದಾಟಿ ನುಬ್ರಾ. ಮೂರನೇ ದಿನ ತುರ್ತುಕ್, ಎರಡು ತಾಸು, ಫೋಟೋ, ವಾಪಸ್. ನಾ ಅಲ್ಲೇ ಜಗಳಾ ತಗದೆ. ನನ್ನ ಅರ್ಧಾ ಮಾತು ಚೂಡಾದ ಗದ್ದಲದಾಗ ಮುಳಗಿ ಹೋತು, ಅದಕ್ಕ ಇಲ್ಲೆ ಬರೀಲಿಕ್ಕತ್ತೀನಿ.

ಮೊದಲ ನಮ್ಮ ಮೈ ವಿಚಾರ ಮಾಡ್ರಿ. ಧಾರವಾಡ ಇರೂದು ಸುಮಾರು 750 ಮೀಟರ್ ಎತ್ತರದಾಗ, ಲೇಹ್ 3,500. ಅಲ್ಲಿ ಇಳದ ಮ್ಯಾಲೆ ಕಡಿಮಿ ಅಂದ್ರೂ 48 ತಾಸು ಸುಮ್ನ ಇರ್ರಿ ಅಂತ ಡಾಕ್ಟರು ಹೇಳ್ತಾರ. ಹುಡುಗೂರ ಕಾಗದದಾಗ ಮರುದಿನನ ನಾವು 5,300 ಮೀಟರ್ ಮ್ಯಾಲಿನ ಘಾಟಿನಾಗ! ಬಿ.ಪಿ. ಗುಳಿಗಿ ನುಂಗೂ ನಮಗ ಇದು ಪ್ರವಾಸನೋ ಪರೀಕ್ಷಾನೋ? ಮತ್ತ ತುರ್ತುಕ್ ಇರೂದು ಸುಮಾರು 3,000 ಮೀಟರ್ ಎತ್ತರದಾಗ, ಲೇಹ್‌ಗಿಂತ ಕೆಳಗ. ಉಸಿರು ಹಗರಾಗೂ ಊರಿಗೆ ಎರಡ ತಾಸು ಕೊಡೂದು ಯಾವ ಲೆಕ್ಕಾ?

ಇನ್ನ ಆ ಊರಿನ ಮಾತು. ಲೇಹ್‌ದಿಂದ ಸುಮಾರು 200 ಕಿಲೋಮೀಟರ್, ಶ್ಯೋಕ್ ಹೊಳಿ ದಂಡಿ ಮ್ಯಾಲೆ ಬಾಲ್ಟಿ ಮುಸಲ್ಮಾನರ ಊರು. 1971ರ ಡಿಸೆಂಬರ್ ತನಕಾ ಪಾಕಿಸ್ತಾನದ ಕೈಯಾಗಿತ್ತು, ಯುದ್ಧ ಆದ ಮ್ಯಾಲೆ ನಮ್ಮ ಕಡೆ ಬಂತು. ಆಗ ದುಡೀಲಿಕ್ಕೆ, ಓದ್ಲಿಕ್ಕೆ ಅಂತ ಆ ಕಡೆ ಹೋದವರು ಅಲ್ಲೇ ಉಳದ್ರು. ಅಣ್ಣ ಇಲ್ಲೆ, ತಂಗಿ ಅಲ್ಲೆ. ಹೊಳಿ ಮಾತ್ರ ಊರು ದಾಟಿ ಆ ಕಡೆ ಹರದು ಸಿಂಧೂ ನದಿಗೆ ಕೂಡತದ, ಅದಕ್ಕ ಯಾರ ಪರವಾನಿಗೀನೂ ಬ್ಯಾಡ. ಪ್ರವಾಸಿಗರಿಗೆ ಈ ಊರಿನ ಬಾಗಲಾ ತಗದದ್ದು 2010ರಾಗ. ಪರವಾನಿಗಿ ಬೇಕೋ ಬ್ಯಾಡೋ ಅಂತ ಹೋಗೂ ಮೊದಲ ಕೇಳಕೋಬೇಕು.

ಇಂಥಾ ಮಂದಿ ಅಂಗಳದಾಗ ಹೊಕ್ಕು, ಬೆನ್ನಿಗೆ ಬುಟ್ಟಿ ಹೊತ್ತ ಹೆಣ್ಣಮಗಳ ಫೋಟೋ ಹೊಡಕೊಂಡು ಗಾಡಿ ಹತ್ತೂದು ಅಂದ್ರ ನನಗ ಕನ್ಯಾ ನೋಡೂದು ನೆನಪಾಗ್ತದ. ನನ್ನ ನೋಡ್ಲಿಕ್ಕೆ ನಾಕು ಮನಿಯವರು ಬಂದಿದ್ರು. ಉಪ್ಪಿಟ್ಟು ತಿಂದ್ರು, ಅಡಗಿಮನಿ ತನಕಾ ಇಣಕಿದ್ರು, ಹೋದ್ರು. ನಾ ಏನು ಓದೀನಿ ಅಂತ ಕೇಳಿದವರು ಒಬ್ರೂ ಇಲ್ಲ. ಆ ಸಿಟ್ಟು ನನಗ ಇನ್ನೂ ಅದ. ನಿಮಗೂ ಇರಬೇಕು. ಅದನ್ನ ಮತ್ತೊಬ್ಬಾಕಿಗೆ ನಾವ್ಯಾಕ ಮಾಡೂದು?

ವೈನಿ ಅಂತಾರ, "ಅಲ್ಲೆ ಉಣ್ಣೂದು ಹೆಂಗವಾ? ಕುಕ್ಕರ್, ಅಕ್ಕಿ ಕಟಗೊಂಡ ಹೋಗೂಣು." ವೈನಿ, ಚಟ್ನಿಪುಡಿ ಒಯ್ರಿ, ಬ್ಯಾಡ ಅನ್ನೂದಿಲ್ಲ. ಕುಕ್ಕರ್ ಬಿಡ್ರಿ. ಮನ್ಯಾಗ ಇಟಗೊಳ್ಳೂ ಮಂದಿ ಇದ್ದಾರ, ಮಾಂಸ ತತ್ತಿ ನಡಿಯೂದಿಲ್ಲ ಅಂತ ಮೊದಲ ಹೇಳಿದ್ರಾತು. ಕುಟ್ಟು ಹಿಟ್ಟಿನ ದ್ವಾಶಿ ಹಾಕ್ತಾರ, ಪುದೀನಾ ಮೊಸರು ಹಚಗೊಂಡು ತಿನ್ನೂದು. ಹಿತ್ತಲದಾಗ ಜರ್ದಾಳು ಹಣ್ಣು. ಫ್ರಿಜ್ ಇಲ್ಲದ ಕಾಲದಾಗ ಕಟ್ಟಿದ ಕಲ್ಲಿನ ತಂಪು ಗೂಡು ಅವ, ಕಲ್ಲಿನ ಸಂದ್ಯಾಗಿಂದ ತಣ್ಣನ ಗಾಳಿ ಬಂದು ಬೆಣ್ಣಿ ಕೆಡೂದಿಲ್ಲ. ಇದನ್ನ ಆ ಮನಿ ಹೆಣ್ಣಮಗಳ ಕೂಡ ಕೂತು ಕೇಳಬೇಕು, ಗಾಡಿ ಕಿಡಕ್ಯಾಗಿಂದ ಕೇಳಿಸೂದಿಲ್ಲ. ಮತ್ತ ರಾತ್ರಿ ಇದ್ರ ನಾಕು ರೂಪಾಯಿ ಆ ಮನಿಗೇ ಮುಟ್ಟತದ.

ರಜಾ ಇಲ್ಲ ಅಂತೀರಿ. ಹಂಗಾದ್ರ ಪ್ಯಾಂಗಾಂಗ್ ಕೆರಿ ಬಿಡ್ರಿ. ಕೆರಿಗೆ ಬ್ಯಾಸರ ಆಗೂದಿಲ್ಲ.

ನನ್ನ ಕಾಗದ ಇದು: ಲೇಹ್‌ದಾಗ ಮೂರು ರಾತ್ರಿ, ದಿಸ್ಕಿಟ್‌ದಾಗ ಒಂದು, ತುರ್ತುಕ್‌ದಾಗ ಎರಡು, ಬರೂ ಹಾದ್ಯಾಗ ಲೇಹ್‌ದಾಗ ಮತ್ತೊಂದು. ಪ್ರಿಪೇಯ್ಡ್ ಸಿಮ್ ಅಲ್ಲೆ ನಡಿಯೂದಿಲ್ಲ, ಪೋಸ್ಟ್‌ಪೇಯ್ಡ್ ಒಂದು ಇರಲಿ. ಜುಲೈದಾಗ ಜರ್ದಾಳು ಹಣ್ಣಾಗ್ತಾವ. ಡಾಕ್ಟರನ್ನ ಕೇಳಿ, ಮನಸ್ಸಿದ್ದವರು ಹೆಸರು ಹೇಳ್ರಿ. ಎರಡು ತಾಸಿನವರು ಹುಡುಗೂರ ಗಾಡ್ಯಾಗ ಹೋಗ್ರಿ, ನಾ ಬರೂದಿಲ್ಲ.