ನೆಲದಡಿಯ ಮೆಟ್ರೋ, ನೆಲದ ಮೇಲಿನ ಮಾರ್ಕೆಟ್: ಈ ನಿಲ್ದಾಣ ಯಾರದ್ದು?

ನಮ್ಮ ಮೆಟ್ರೋ ಬಗ್ಗೆ ಮಾತು ಶುರುವಾದ್ರೆ ಅದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಏರ್‌ಪೋರ್ಟ್ ಕಡೆಗೇ ಹೋಗುತ್ತೆ. ಹೊಸ ಲೈನ್ ಯಾವಾಗ, ಟ್ರಾಫಿಕ್‌ನಲ್ಲಿ ಎಷ್ಟು ನಿಮಿಷ ಉಳಿಯುತ್ತೆ ಅನ್ನೋದೇ ಚರ್ಚೆ. ನಾನು ಇಲ್ಲಿ ಬರೆಯುತ್ತಿರುವುದು ಹಸಿರು ಮಾರ್ಗದ ಒಂದು ಹಳೇ ನಿಲ್ದಾಣದ ಬಗ್ಗೆ. ಚಿಕ್ಕಪೇಟೆ ಮತ್ತು ನ್ಯಾಷನಲ್ ಕಾಲೇಜು ನಡುವೆ ನೆಲದಡಿಯಲ್ಲಿರುವ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣ, ಅಂದರೆ ನಮ್ಮೆಲ್ಲರ ಬಾಯಲ್ಲಿ ಬರೀ 'ಮಾರ್ಕೆಟ್'. ಮೆಟ್ರೋ ಯಾರಿಗಾಗಿ ಅನ್ನೋ ಪ್ರಶ್ನೆಯನ್ನು ಕೇಳೋದಕ್ಕೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

2017ರ ಜೂನ್‌ನಲ್ಲಿ ಈ ನಿಲ್ದಾಣ ಶುರುವಾಯಿತು. ಮೇಲಿರುವ ಮಾರ್ಕೆಟ್ ಕಟ್ಟಡ 1920ರ ದಶಕದ್ದು. ಅದಕ್ಕೂ ಮುಂಚೆ ಅಲ್ಲಿದ್ದದ್ದು ಸಿದ್ದಿಕಟ್ಟೆ ಕೆರೆ. ಸುತ್ತಮುತ್ತ ಕೋಟೆಯ ಉಳಿದ ಭಾಗ, ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆ ವೆಂಕಟರಮಣ ದೇವಸ್ಥಾನ, ಜಾಮಿಯಾ ಮಸೀದಿ ಇವೆ. ಮೆಟ್ರೋಗಾಗಿ ಅಗೆಯುವಾಗ ಇಲ್ಲಿ ಹಳೇ ಫಿರಂಗಿಗಳೂ ಸಿಕ್ಕವು. ಪಕ್ಕದಲ್ಲೇ ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಎಂಬ ಮೂರು ಸರ್ಕಾರಿ ಆಸ್ಪತ್ರೆಗಳು. ಒಂದು ಕಡೆ ಹೂವು, ಹಣ್ಣು, ತರಕಾರಿ ವ್ಯಾಪಾರಿಗಳು, ಹಮಾಲರು, ತಳ್ಳುಗಾಡಿಯವರು. ಇನ್ನೊಂದು ಕಡೆ ಬೇರೆ ಬೇರೆ ಜಿಲ್ಲೆಗಳಿಂದ ಬಂದ ರೋಗಿಗಳು, ಅವರ ಮನೆಯವರು. ಸಾರ್ವಜನಿಕ ಸಾರಿಗೆ ಅತಿ ಹೆಚ್ಚು ಬೇಕಾಗಿರುವ ಜನ ಇವರೇ ಅಲ್ವಾ? ಆದರೆ ನಿಲ್ದಾಣದ ಒಳಗಿನ ನಿಯಮಗಳನ್ನು ಒಂದೊಂದಾಗಿ ನೋಡಿದರೆ, ಅವನ್ನು ಬರೆದವರ ಮನಸ್ಸಿನಲ್ಲಿದ್ದ ಪ್ರಯಾಣಿಕ ಬೇರೆಯವನೇ.

ಮೊದಲನೆಯದು, ಸಮಯ

ಹೂವಿನ ವ್ಯಾಪಾರ ಕಾವೇರುವುದು ನಸುಕಿನ ಮೂರು, ನಾಲ್ಕು ಗಂಟೆಗೆ. ಸೇವಂತಿಗೆ, ಕನಕಾಂಬರ, ಸುಗಂಧರಾಜದ ಮೂಟೆಗಳು ಕತ್ತಲಲ್ಲೇ ಇಳಿಯುತ್ತವೆ. ಬಡಾವಣೆಗಳಲ್ಲಿ ಬೆಳಗ್ಗೆ ಮೊಳದ ಲೆಕ್ಕದಲ್ಲಿ ಹೂ ಮಾರುವ ಹೆಣ್ಣುಮಕ್ಕಳು ಆ ಹೊತ್ತಿಗೇ ಬಂದು ಖರೀದಿ ಮಾಡಬೇಕು. ವಾರದ ದಿನಗಳಲ್ಲಿ ಮೆಟ್ರೋ ಸಾಮಾನ್ಯವಾಗಿ ಹೊರಡುವುದೇ 5 ಗಂಟೆಗೆ, ಭಾನುವಾರ 7ಕ್ಕೆ. ಮೇಲೆ ಅರ್ಧ ವ್ಯಾಪಾರ ಮುಗಿದ ಮೇಲೆ ಕೆಳಗೆ ಗೇಟು ತೆರೆಯುತ್ತೆ. ರಾತ್ರಿ ಹಳಿ ನಿರ್ವಹಣೆಗೆ ಸಮಯ ಬೇಕು, ಅದು ನಿಜ. ಆದರೆ ಊರಿಂದ ವಾಪಸ್ ಬರುವವರಿಗಾಗಿ ಸೋಮವಾರ ಮಾತ್ರ ರೈಲನ್ನು ಬೇಗ ಬಿಡಲು ಇದೇ ನಿಗಮಕ್ಕೆ 2025ರಲ್ಲಿ ಸಾಧ್ಯವಾಯಿತು. ಅಂದರೆ ಬೇಡಿಕೆ ಯಾರದ್ದು ಅನ್ನೋದನ್ನು ನೋಡಿಕೊಂಡು ವೇಳಾಪಟ್ಟಿ ಬದಲಾಗುತ್ತೆ. ಹಬ್ಬದ ಹಿಂದಿನ ದಿನಗಳಲ್ಲಾದರೂ ಮಾರ್ಕೆಟ್ಟಿಗಾಗಿ ಯಾಕೆ ಬದಲಾಗಬಾರದು?

ಎರಡನೆಯದು, ಬುಟ್ಟಿ

ಮೆಟ್ರೋದಲ್ಲಿ 60×45×25 ಸೆಂ.ಮೀ. ಮೀರದ ಬ್ಯಾಗಿಗೆ ಶುಲ್ಕವಿಲ್ಲ. ದೊಡ್ಡದಾದರೆ 30 ರೂಪಾಯಿ. ಈ ಅಳತೆ ಟ್ರಾಲಿ ಸೂಟ್‌ಕೇಸಿನದ್ದು, ಹೂವಿನ ಬುಟ್ಟಿಯದ್ದಲ್ಲ. ಬಿಎಂಟಿಸಿಯಲ್ಲೂ ಲಗೇಜ್ ಚಾರ್ಜ್ ಇದೆ ಅಂತ ನೀವು ಹೇಳಬಹುದು, ಸರಿ. ಆದರೆ ಬಸ್ ಹತ್ತುವಾಗ ಸ್ಕ್ಯಾನರ್ ಇಲ್ಲ, 'ನೀನು ಇಲ್ಲಿಗೆ ಸೇರಿದವನಾ' ಎಂದು ಅಳೆಯುವ ಕಣ್ಣಿಲ್ಲ. 2024ರ ಫೆಬ್ರವರಿಯಲ್ಲಿ ಇದೇ ಹಸಿರು ಮಾರ್ಗದ ರಾಜಾಜಿನಗರ ನಿಲ್ದಾಣದಲ್ಲಿ, ತಲೆ ಮೇಲೆ ಗಂಟು ಹೊತ್ತಿದ್ದ ರೈತರೊಬ್ಬರನ್ನು ಬಟ್ಟೆ ಕೊಳೆಯಾಗಿದೆ ಎಂಬ ಕಾರಣಕ್ಕೆ ತಡೆದದ್ದು ನೆನಪಿರಬೇಕು. ಅವರ ಕೈಯಲ್ಲಿ ಟಿಕೆಟ್ ಇತ್ತು. ಸಹಪ್ರಯಾಣಿಕರು ಜಗಳ ಮಾಡಿ ಒಳಗೆ ಕರೆದೊಯ್ದರು, ವಿಡಿಯೋ ವೈರಲ್ ಆಯಿತು, ಬಿಎಂಆರ್‌ಸಿಎಲ್ ಭದ್ರತಾ ಮೇಲ್ವಿಚಾರಕನನ್ನು ವಜಾ ಮಾಡಿತು. ಅಲ್ಲಿಗೆ ಪ್ರಕರಣ ಮುಗಿಯಿತು. ಆದರೆ ಕಡಿಮೆ ಸಂಬಳದ ಒಬ್ಬ ನೌಕರನನ್ನು ಮನೆಗೆ ಕಳಿಸಿದರೆ, ಅವನ ತಲೆಗೆ ಆ 'ಸ್ವಚ್ಛ ಪ್ರಯಾಣಿಕ'ನ ಚಿತ್ರ ತುಂಬಿದ್ದು ಯಾರು ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಮೂರನೆಯದು, ದುಡ್ಡು

2025ರ ಫೆಬ್ರವರಿ 9ರಂದು ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಕೆಲವು ನಿಲ್ದಾಣಗಳ ನಡುವೆ ದರ ಹೆಚ್ಚುಕಡಿಮೆ ದುಪ್ಪಟ್ಟಾಗಿ ಗಲಾಟೆ ಆದ ಮೇಲೆ, ಏರಿಕೆ ಶೇ. 71 ದಾಟದಂತೆ ತಿದ್ದುಪಡಿ ಮಾಡಿದರು. ಆಗ ನಡೆದ ರಾಜಕೀಯ ನೋಡಿ: ಕಾಂಗ್ರೆಸ್ಸಿನವರು ಕೇಂದ್ರದ ಕಡೆ ಬೆರಳು ತೋರಿಸಿದರು, ಬಿಜೆಪಿಯವರು ರಾಜ್ಯದ ಕಡೆ. ಬಿಎಂಆರ್‌ಸಿಎಲ್ ಎರಡೂ ಸರ್ಕಾರಗಳ ಸಮಪಾಲಿನ ಸಂಸ್ಥೆ. 2002ರ ಮೆಟ್ರೋ ಕಾಯ್ದೆಯ ಪ್ರಕಾರ ದರ ನಿಗದಿ ಸಮಿತಿಯ ಶಿಫಾರಸನ್ನು ನಿಗಮ ಪಾಲಿಸಲೇಬೇಕು. ಹೀಗಾಗಿ ದರ ಏರಿಸಿದ್ದಕ್ಕೆ ಚುನಾವಣೆಯಲ್ಲಿ ಉತ್ತರ ಕೊಡಬೇಕಾದವರು ಯಾರೂ ಇಲ್ಲ ಎಂಬಂತಾಯಿತು. ನನ್ನ ಪ್ರಕಾರ ದರಕ್ಕಿಂತ ದೊಡ್ಡ ಸಮಸ್ಯೆ ಇದು.

ಇನ್ನೊಂದು ಕಡೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ. ಮೆಟ್ರೋ ಅದರಲ್ಲಿ ಸೇರಿಲ್ಲ. ಫಲಿತಾಂಶ ಕಣ್ಣಿಗೆ ಕಾಣುವಂಥದ್ದು: ಮಾರ್ಕೆಟ್ಟಿನ ದುಡಿಯುವ ಹೆಂಗಸರು ಮೇಲೆ ಬಸ್ಸಿಗೆ ಕಾಯುತ್ತಾರೆ, ಶಾಪಿಂಗಿಗೆ ಬಂದವರು ಎಸ್ಕಲೇಟರ್ ಇಳಿಯುತ್ತಾರೆ. ಶಕ್ತಿ ಯೋಜನೆಯನ್ನು ನಾನು ಒಪ್ಪುತ್ತೇನೆ. ಆದರೆ ಬಡವರಿಗೆ ಬಸ್ಸು, ಉಳಿದವರಿಗೆ ಮೆಟ್ರೋ ಎಂಬ ವಿಂಗಡಣೆಯನ್ನು ಅದು ಸಹಜ ಮಾಡಿಬಿಡಬಾರದು. ಸುರಂಗ ಕೊರೆಯಲು ಹೋದದ್ದು ಎಲ್ಲರ ತೆರಿಗೆ ದುಡ್ಡೇ. ಆ ಹೂವಿನಮ್ಮ ಕೊಂಡ ಸೋಪಿನ ತೆರಿಗೆಯೂ ಅದರಲ್ಲಿದೆ.

ಇನ್ನು ನೆಲದ ಮೇಲೆ

ನಿಲ್ದಾಣ ಬಂದ ಮೇಲೆ ಸುತ್ತಲಿನ ಜಾಗದ ಬೆಲೆ ಏರುತ್ತೆ, ಜತೆಗೇ 'ಫುಟ್‌ಪಾತ್ ತೆರವು ಮಾಡಿ' ಎಂಬ ಕೂಗೂ ಏರುತ್ತೆ. ನಡೆಯುವವರಿಗೆ ಜಾಗ ಬೇಕು, ಅದರಲ್ಲೂ ಸ್ಟ್ರೆಚರ್ ಹೋಗಬೇಕಾದ ಆಸ್ಪತ್ರೆ ರಸ್ತೆಯಲ್ಲಿ. ಆದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಏನು ಹೇಳುತ್ತೆ? ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವವರೆಗೆ ಎತ್ತಂಗಡಿ ಮಾಡುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ವ್ಯಾಪಾರಿಗಳೇ ಇರಬೇಕು. 50 ವರ್ಷಕ್ಕೂ ಮೀರಿ ಬೀದಿ ವ್ಯಾಪಾರ ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರಿಸಬಾರದು. ಈ ಮಾತಿಗೆ ಸಿಟಿ ಮಾರ್ಕೆಟ್ಟಿಗಿಂತ ಹೊಂದುವ ಜಾಗ ಬೆಂಗಳೂರಲ್ಲಿ ಇನ್ನೊಂದಿದೆಯಾ?

ಮೆಟ್ರೋ ಸರಕು ಸಾಗಣೆ ಗಾಡಿಯಲ್ಲ, ಸಾಲ ತೀರಿಸಬೇಕು, ನಷ್ಟ ಯಾರು ಭರಿಸೋದು ಎಂಬ ಪ್ರಶ್ನೆಗಳಿವೆ. ಅವು ಸುಳ್ಳಲ್ಲ. ಮೂಟೆಗಟ್ಟಲೆ ಹೂವನ್ನು ರೈಲಲ್ಲಿ ಸಾಗಿಸಿ ಅಂತ ನಾನು ಕೇಳುತ್ತಿಲ್ಲ. ಒಂದು ಬುಟ್ಟಿಗೆ ಜಾಗವಾಗುವಂತೆ ಲಗೇಜ್ ಅಳತೆ ಬದಲಿಸಿ. ಬಸ್ಸು, ಮೆಟ್ರೋ ಎರಡಕ್ಕೂ ನಡೆಯುವ ಅಗ್ಗದ ತಿಂಗಳ ಪಾಸ್ ಕೊಡಿ. ಹೊರರೋಗಿ ಚೀಟಿ ತೋರಿಸಿದವರಿಗೆ ರಿಯಾಯಿತಿ ಕೊಡಿ. ಮೆಟ್ರೋದಿಂದ ಬೆಲೆ ಏರಿದ ಆಸ್ತಿಗಳಿಂದ ಅದರ ಖರ್ಚು ವಸೂಲಿ ಮಾಡಿ. ನಿಲ್ದಾಣದ ದ್ವಾರಗಳ ಸುತ್ತ ಏನಿರಬೇಕು ಅಂತ ತೀರ್ಮಾನಿಸುವ ಸಭೆಗೆ ವ್ಯಾಪಾರಿಗಳ ಪ್ರತಿನಿಧಿಗಳನ್ನೂ ಕರೆಯಿರಿ. ಇದರಲ್ಲಿ ಯಾವುದಕ್ಕೂ ಹೊಸ ಸುರಂಗ ಕೊರೆಯಬೇಕಿಲ್ಲ.

ಮುಂದಿನ ಸಲ ದರ ಏರಿದಾಗ ನಾವು ಮತ್ತೆ ಪೋಸ್ಟ್ ಹಾಕುತ್ತೇವೆ, ಹಾಕಲೇಬೇಕು. ಆದರೆ ನಮ್ಮ ಸಿಟ್ಟು ನಮ್ಮ ಸ್ಮಾರ್ಟ್ ಕಾರ್ಡಿನ ಬ್ಯಾಲೆನ್ಸಿಗಷ್ಟೇ ನಿಂತರೆ ಅದು ಗ್ರಾಹಕರ ದೂರಾಗುತ್ತೆ, ರಾಜಕೀಯ ಬೇಡಿಕೆ ಆಗಲ್ಲ. ವಾರ್ಡ್ ಸಮಿತಿ ಸಭೆಗೆ ಹೋಗಿ, ವೋಟು ಕೇಳಲು ಬಂದವರನ್ನು ನಿಲ್ಲಿಸಿ, ಮಾರ್ಕೆಟ್ ನಿಲ್ದಾಣದಲ್ಲಿ ಮಾರ್ಕೆಟ್ಟಿನವರು ಯಾಕೆ ಕಾಣಲ್ಲ ಅಂತ ಕೇಳಿ.