ನೀರಂಚಿನ ಮುಂಡಿಗೆ

ಮಲೆನಾಡಿನ ಹಳ್ಳದ ದಡದಲ್ಲಿ, ಕರಾವಳಿಯ ತೋಡಿನ ಬದಿಯಲ್ಲಿ, ಕೆರೆಯ ಅಂಚಿನ ಜವುಗು ನೆಲದಲ್ಲಿ, ಯಾರೂ ನೆಡದೆ, ಯಾರೂ ನೀರೆರೆಯದೆ ತಾನಾಗಿ ಬೆಳೆದು ನಿಲ್ಲುವ ಮುಳ್ಳಿನ ಪೊದೆಯೊಂದುಂಟು. ಅದರ ಎಲೆಗಳು ಕತ್ತಿಯ ಅಲಗಿನಂತೆ ನೀಳವಾದವು. ಎಲೆಯ ಎರಡು ಅಂಚುಗಳಲ್ಲಿಯೂ ನಡುನರದ ಬೆನ್ನಿನ ಮೇಲೆಯೂ ಗರಗಸದ ಹಲ್ಲಿನಂತಹ ಮುಳ್ಳುಗಳಿರುತ್ತವೆ. ಘಟ್ಟದ ಮೇಲಿನವರು ಇದನ್ನು ಮುಂಡಿಗೆ ಎನ್ನುತ್ತಾರೆ. ತುಳುನಾಡಿನವರಿಗೆ ಇದು ಮುಂಡೇವು. ಪರಿಮಳಕ್ಕೆ ಹೆಸರಾದ ಕೇದಗೆಯೂ ಇದೇ ಕುಲಕ್ಕೆ ಸೇರಿದ್ದು. ಸಸ್ಯಶಾಸ್ತ್ರಜ್ಞರು ಈ ಕುಲವನ್ನು ಪ್ಯಾಂಡನಸ್ ಎಂದು ಕರೆಯುತ್ತಾರೆ.

ಕೇದಗೆಯ ಹೂವಿಗೆ ನಾಡಿನಲ್ಲಿ ದೊರೆತಿರುವ ಮನ್ನಣೆ ಅದನ್ನು ಹೊತ್ತ ಪೊದೆಗೆ ದೊರೆತಿಲ್ಲ. ಹೆಣ್ಣುಮಕ್ಕಳು ಹೂವನ್ನು ಜಡೆಗೆ ಮುಡಿಯುತ್ತಾರೆ, ಬಟ್ಟೆಯ ಪೆಟ್ಟಿಗೆಯಲ್ಲಿ ಇಟ್ಟು ಅದರ ಕಂಪನ್ನು ಕಾಪಾಡುತ್ತಾರೆ. ಪೊದೆಯನ್ನಾದರೋ ಹಾವಿನ ಮನೆಯೆಂದು, ಜಾಗ ಕಬಳಿಸುವ ಕಳೆಯೆಂದು ಬಗೆದು ಕಡಿದು ಸುಡುತ್ತಾರೆ. ತೋಡಿನ ದಡಕ್ಕೆ ಕಲ್ಲು ಕಟ್ಟುವಾಗ, ಕೆರೆಯ ಸುತ್ತ ಕಾಲುದಾರಿ ಮಾಡುವಾಗ ಮೊದಲು ಬೀಳುವುದು ಇದರ ಬುಡಕ್ಕೇ ಕೊಡಲಿ. ಹೀಗೆ ಕಡಿಯುವುದು ಅಭಿವೃದ್ಧಿಯಲ್ಲ. ನೆಲಕ್ಕೆ ತಾನಾಗಿ ದೊರೆತ ಕಾವಲನ್ನು ಕೈಯಾರೆ ಕಳೆದುಕೊಳ್ಳುವುದು.

ಈ ಮಾತಿನ ಸತ್ಯ ಗಿಡದ ಬುಡವನ್ನು ಕಂಡವರಿಗೆ ತಿಳಿಯದೆ ಇರದು. ಮುಂಡಿಗೆಯ ಕಾಂಡದಿಂದ ದಪ್ಪನಾದ ಬೇರುಗಳು ಓರೆಯಾಗಿ ಹೊರಟು, ಮುದುಕನ ಊರುಗೋಲಿನಂತೆ ಕೆಸರಿನಲ್ಲಿ ನೆಲೆಯೂರುತ್ತವೆ. ಒಂದು ಗಿಡದ ಬೇರು ಇನ್ನೊಂದರ ಬೇರಿನೊಡನೆ ಹೆಣೆದುಕೊಂಡು ದಡದುದ್ದಕ್ಕೂ ಬಲೆಯಾಗುತ್ತದೆ. ಮಳೆಗಾಲದ ಕೆಂಪು ನೀರು ರಭಸದಿಂದ ಬಂದಾಗ ಈ ಬಲೆ ಅದರ ವೇಗವನ್ನು ತಗ್ಗಿಸುತ್ತದೆ. ವೇಗ ತಗ್ಗಿದ ನೀರು ತಾನು ಹೊತ್ತು ತಂದ ಮಣ್ಣನ್ನು ಅಲ್ಲಿಯೇ ಇಳಿಸುತ್ತದೆ. ಕಲ್ಲಿನ ಗೋಡೆ ಒಮ್ಮೆ ಬಿರಿದರೆ ಮತ್ತೆ ಕಟ್ಟಬೇಕು; ಜೀವವಿರುವ ಬೇಲಿಯಾದರೋ ಮುರಿದ ಕಡೆ ತಾನೇ ಚಿಗುರುತ್ತದೆ.

ಪೊದೆಯ ಉಪಕಾರ ಮಣ್ಣಿಗೆ ಮಾತ್ರ ಸೀಮಿತವಲ್ಲ. ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನಲ್ಲಿ, ವಾದಿರಾಜರ ಮಠದಿಂದ ಪ್ರಸಿದ್ಧವಾದ ಸೋಂದೆಯ ಬಳಿ ಒಂದು ಕೆರೆಯಿದೆ. ಅದರ ನೀರಿನಲ್ಲಿ ಬೆಳೆದ ಮುಂಡಿಗೆಯ ಪೊದೆಗಳಿಂದಲೇ ಅದಕ್ಕೆ ಮುಂಡಿಗೆಕೆರೆ ಎಂಬ ಹೆಸರು ಬಂದಿದೆ. ಮುಂಗಾರಿನ ಹೊತ್ತಿಗೆ ಬೆಳ್ಳಕ್ಕಿಗಳು ಹಿಂಡುಹಿಂಡಾಗಿ ಅಲ್ಲಿಗೆ ಬಂದು, ಆ ಪೊದೆಗಳ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತವೆ. ಆಗ ಹಸುರಾದ ಪೊದೆ ಅರಳಿದ ಬಿಳಿಯ ಹೂವುಗಳಿಂದ ತುಂಬಿದಂತೆ ತೋರುತ್ತದೆ. ಸುತ್ತಲೂ ನೀರು, ಎಲೆಯ ತುಂಬ ಮುಳ್ಳು. ಮೊಟ್ಟೆಗಳ್ಳ ಪ್ರಾಣಿಗಳಿಗೆ ಅಲ್ಲಿ ಸುಲಭವಾಗಿ ದಾರಿ ಸಿಗದು. ಮನುಷ್ಯನಿಗೆ ಬೇಡವಾದ ಮುಳ್ಳೇ ಹಕ್ಕಿಯ ಮರಿಗೆ ಕೋಟೆಯಾಗಿದೆ. ಆ ಹಕ್ಕಿಗಳು ಸುತ್ತಲಿನ ಗದ್ದೆಗಳಲ್ಲಿ ಹುಳುಹುಪ್ಪಟೆಗಳನ್ನು ಹೆಕ್ಕುತ್ತವೆಯಾದ್ದರಿಂದ, ಪೊದೆಯನ್ನು ಉಳಿಸಿದ ಊರಿಗೆ ಅದರ ಫಲ ಹೊಲದಲ್ಲಿಯೂ ದೊರೆಯುತ್ತದೆ.

ಮನೆಯ ಬಳಕೆಗೂ ಈ ಗಿಡ ಒದಗದೆ ಇಲ್ಲ. ಮುಳ್ಳು ತೆಗೆದು ಬೆಂಕಿಯಲ್ಲಿ ಬಾಡಿಸಿದ ಎಲೆಯನ್ನು ಕೊಳವೆಯಂತೆ ಸುತ್ತಿ, ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದ ಮೂಡೆ ಕರಾವಳಿಯಲ್ಲಿ ಅಷ್ಟಮಿ, ಚೌತಿಗಳ ವಿಶೇಷ ಅಡುಗೆ. ಎಲೆಯ ಕಂಪು ಕಡುಬಿಗೆ ಇಳಿದಾಗ ಉಂಟಾಗುವ ರುಚಿ ಲೋಹದ ತಟ್ಟೆಯಲ್ಲಿ ಬೆಂದ ಇಡ್ಲಿಗೆ ಬಾರದು. ಅದೇ ಎಲೆಯಿಂದ ತಂಪಾದ ಚಾಪೆಯನ್ನೂ ಹೆಣೆಯುತ್ತಾರೆ. ಹಬ್ಬದ ಮುನ್ನಾದಿನ ಪೇಟೆಯಲ್ಲಿ ಹಣ ಕೊಟ್ಟು ಮೂಡೆಯ ಓಲೆ ಕೊಳ್ಳುವ ಮನೆಯವರೇ ತಮ್ಮ ತೋಡಿನ ಬದಿಯ ಪೊದೆಯನ್ನು ಕಡಿಸುವುದು ಎಂತಹ ವಿಪರ್ಯಾಸ!

ಇದಕ್ಕೆ ವಿರೋಧವಾದ ಮಾತುಗಳೂ ಇವೆ. ಅವುಗಳನ್ನು ತಳ್ಳಿಹಾಕುವುದು ಸರಿಯಲ್ಲ. ದಟ್ಟವಾದ ಪೊದೆಯಲ್ಲಿ ಹಾವಿರುವುದು ಸಹಜ. ಆದರೆ ಅದು ಅಲ್ಲಿಗೆ ಬರುವುದು ಹೂವಿನ ಕಂಪಿಗೆ ಮರುಳಾಗಿ ಅಲ್ಲ, ಇಲಿ ಕಪ್ಪೆಗಳನ್ನು ಅರಸಿ. ಆದುದರಿಂದ ಮನೆಯ ಅಂಗಳ, ಮಕ್ಕಳು ಓಡಾಡುವ ದಾರಿ ಇವುಗಳಿಂದ ಪೊದೆಯನ್ನು ದೂರವಿಡುವುದು ಲೇಸು. ಕೆರೆಯ ಮಣ್ಣಿನ ಏರಿಯ ಮೇಲೂ ಇದನ್ನು ಬೆಳೆಸಬಾರದು. ದಪ್ಪ ಬೇರುಗಳು ಏರಿಯೊಳಗೆ ನೀರಿಗೆ ದಾರಿ ಮಾಡಿಕೊಟ್ಟಾವು. ಗಿಡ ಹರಡಿ ತೋಡಿನ ನೀರಿಗೆ ಅಡ್ಡವಾದರೆ ಆ ಭಾಗವನ್ನಷ್ಟೇ ಸವರಬೇಕು. ಸವರುವುದು ಬೇರೆ, ಬುಡಸಹಿತ ಕೀಳುವುದು ಬೇರೆ. ತಲೆಗೂದಲು ಬೆಳೆಯಿತೆಂದು ಯಾರೂ ತಲೆಯನ್ನೇ ತೆಗೆಯುವುದಿಲ್ಲ.

ಮುಂಡಿಗೆಯನ್ನು ಬೆಳೆಸುವುದು ಕಷ್ಟದ ಕೆಲಸವಲ್ಲ. ಬುಡದಲ್ಲಿ ಒಡೆದ ಕಂದುಗಳನ್ನು ಬಿಡಿಸಿ, ಮಳೆ ಹಿಡಿದ ಮೇಲೆ ಹಳ್ಳದ ಬದಿಯಲ್ಲಿಯೋ ಕೆರೆಗೆ ನೀರು ಬರುವ ಕಡೆಯಲ್ಲಿಯೋ ಊರಿದರೆ ಸಾಕು. ಈ ಕುಲದಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಕೇದಗೆಯಲ್ಲಿ ಪರಿಮಳಕ್ಕೆ ಹೆಸರಾದುದು ಗಂಡು ಹೂಗೊಂಚಲು. ಅನಾನಸನ್ನು ಹೋಲುವ ಹಣ್ಣು ಹೆಣ್ಣು ಗಿಡದ್ದು. ಒಂದೇ ಗಿಡದ ಕಂದುಗಳನ್ನು ನೆಟ್ಟರೆ ಎಲ್ಲವೂ ಒಂದೇ ಜಾತಿಯ ಹೂ ಬಿಡುತ್ತವೆ. ಆದುದರಿಂದ ಬೇರೆ ಬೇರೆ ಪೊದೆಗಳಿಂದ ಕಂದು ತರುವುದು ಜಾಣತನ. ಅನ್ಯದೇಶದ ಅಲಂಕಾರದ ಗಿಡಗಳಿಗೆ ಬೇಕಾಗುವ ಆರೈಕೆ ಇದಕ್ಕೆ ಬೇಡ. ಕಾಲ ಕೆಳಗೆ ಕೆಸರು, ತಲೆಯ ಮೇಲೆ ಬಿಸಿಲು ಇವೇ ಇದರ ಬೇಡಿಕೆ.

ಸುಳ್ಳು ಸಾಕ್ಷಿ ನುಡಿದ ಕೇದಗೆಯನ್ನು ಶಿವನು ತನ್ನ ಪೂಜೆಯಿಂದ ದೂರವಿಟ್ಟನೆಂದು ಪುರಾಣ ಹೇಳುತ್ತದೆ. ಆದರೆ ನೀರಿನ ದಡದಲ್ಲಿ ನಿಂತ ಈ ಪೊದೆ ಇಂದು ನುಡಿಯುತ್ತಿರುವುದು ಸತ್ಯವಾದ ಸಾಕ್ಷಿ. ಎಲ್ಲಿ ಅದು ದಟ್ಟವಾಗಿದೆಯೋ ಅಲ್ಲಿ ದಡ ಉಳಿದಿದೆ, ಹಕ್ಕಿ ಉಳಿದಿದೆ. ಎಲ್ಲಿ ಅದು ಮಾಯವಾಯಿತೋ ಅಲ್ಲಿ ವರ್ಷವರ್ಷವೂ ಗದ್ದೆಯ ಅಂಚು ಹಳ್ಳದ ಪಾಲಾಗುತ್ತದೆ. ಹೂವನ್ನು ತಲೆಯ ಮೇಲಿಟ್ಟುಕೊಳ್ಳುವ ನಾಡು ಆ ಹೂವಿನ ಮುಳ್ಳನ್ನೂ ಸಹಿಸಲು ಕಲಿಯಬೇಕು.