ಮೂರು ತಿಂಗಳ ಸಕ್ಕರೆ ಟೆಸ್ಟ್ ಎಲ್ಲರಿಗೂ ಬೇಕೆ?

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ 30 ವರ್ಷ ದಾಟಿದ ಎಲ್ಲರಿಗೂ ಸರ್ಕಾರವೇ ಎಚ್‌ಬಿಎ1ಸಿ ರಕ್ತಪರೀಕ್ಷೆ ಮಾಡಿಸಬೇಕೆ?

ಪರ

ಬರೀ ಹೊಟ್ಟೆಯಲ್ಲಿ ಬಂದು ರಕ್ತ ಕೊಡಿ ಎಂದರೆ ಈ ಭಾಗದಲ್ಲಿ ಬರುವವರು ಯಾರು? ನಾಟಿಯ ದಿನಗಳಲ್ಲಿ ಕೂಲಿ ಹೆಣ್ಣುಮಕ್ಕಳು ನಸುಕಿನಲ್ಲೇ ಬುತ್ತಿ ಕಟ್ಟಿಕೊಂಡು ಟಂಟಂ ಹತ್ತುತ್ತಾರೆ. ಹಟ್ಟಿ ಚಿನ್ನದ ಗಣಿಯಲ್ಲಿ ರಾತ್ರಿ ಪಾಳಿ ಮುಗಿಸಿದವನಿಗೆ ಬೆಳಗು ಎಂದರೆ ನಿದ್ದೆಯ ಹೊತ್ತು. ಎಚ್‌ಬಿಎ1ಸಿಗೆ ಉಪವಾಸ ಬೇಡ. ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆಯನ್ನು ಅಳೆಯುವ ಈ ಪರೀಕ್ಷೆಯಲ್ಲಿ ನಿನ್ನೆ ಉಂಡ ಹೋಳಿಗೆ ಲೆಕ್ಕಕ್ಕಿಲ್ಲ, ಎರಡು-ಮೂರು ತಿಂಗಳ ಸರಾಸರಿಯೇ ಸಿಗುತ್ತದೆ. ಶೇ 6.5 ಮುಟ್ಟಿದರೆ ಮಧುಮೇಹ. 5.7ರಿಂದ 6.4ರವರೆಗೆ ಜನ ಹೇಳುವ ‘ಬಾರ್ಡರ್’.

ಆ ಬಾರ್ಡರಿನಲ್ಲೇ ಹಿಡಿದರೆ ಲಾಭ. 2006ರಲ್ಲಿ ಪ್ರಕಟವಾದ ಚೆನ್ನೈ ತಂಡದ ಅಧ್ಯಯನದಲ್ಲಿ, ಅಂಚಿನಲ್ಲಿದ್ದವರು ಊಟ-ನಡಿಗೆ ತಿದ್ದಿಕೊಂಡಾಗ ಮಧುಮೇಹಕ್ಕೆ ಜಾರುವ ಅಪಾಯ ಶೇ 28ರಷ್ಟು ತಗ್ಗಿತ್ತು.

ವಿರೋಧ

ಅಧ್ಯಯನ ನಿಜ. ಆದರೆ ಅಲ್ಲಿ ಅಂಚಿನವರನ್ನು ಆರಿಸಿದ್ದು ಗ್ಲುಕೋಸ್ ನೀರು ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡಿ, ಎಚ್‌ಬಿಎ1ಸಿಯಿಂದಲ್ಲ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ರಕ್ತದಲ್ಲೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಕಬ್ಬಿಣಾಂಶ ಕಡಿಮೆ ಇದ್ದವರಲ್ಲಿ ಎಚ್‌ಬಿಎ1ಸಿ ಅಂಕಿ ಇರುವುದಕ್ಕಿಂತ ಮೇಲೇರಬಹುದು. ಸಕ್ಕರೆ ಸರಿಯಾಗಿಯೇ ಇರುವ ಹೆಣ್ಣುಮಗಳು 5.9 ಎಂಬ ಚೀಟಿ ಹಿಡಿದು ಮನೆಗೆ ಹೋಗುತ್ತಾಳೆ. ಅವಳಿಗೆ ಬೇಕಿದ್ದದ್ದು ಕಬ್ಬಿಣದ ಗುಳಿಗೆ, ಅವಳು ಬಿಡುವುದು ಅನ್ನ. ಕೆಂಪುಕಣಗಳು ಬೇಗ ನಾಶವಾಗುವ ಕಾಯಿಲೆ ಇದ್ದರೆ ಅಂಕಿ ಇಳಿದು, ರೋಗ ಇದ್ದವರಿಗೂ ‘ಏನೂ ಇಲ್ಲ’ ಎಂದುಬಿಡುತ್ತದೆ.

ಊಟ ತಿದ್ದಿಕೊಳ್ಳುವುದೂ ಇಲ್ಲಿ ಬಾಯಿಮಾತಲ್ಲ. ತುಂಗಭದ್ರಾ ಎಡದಂಡೆಯ ನೀರು ಹರಿದ ಮೇಲೆ ಸಿಂಧನೂರಿನ ಕ್ಯಾಂಪುಗಳ ಸುತ್ತ ಭತ್ತವೇ ಭತ್ತ, ಪಡಿತರದಲ್ಲೂ ಅಕ್ಕಿ. (ಜೋಳದ ರೊಟ್ಟಿ ಎಷ್ಟು ತಿಂದರೂ ಶುಗರ್ ಬರುವುದಿಲ್ಲ ಎನ್ನುವ ಹಿರಿಯರ ಭರವಸೆಯೂ ಅತಿಯೇ. ಪಿಷ್ಟ ಅಲ್ಲೂ ಇದೆ.)

ಹಾಗಾದರೆ ಕೈಕಟ್ಟಿ ಕೂರಬೇಕೆ? ಬೇಡ. ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ 2005ರಲ್ಲಿ ಪ್ರಕಟಿಸಿದ ಅಂಕಪಟ್ಟಿ ಒಂದು ಹನಿ ರಕ್ತವನ್ನೂ ಕೇಳುವುದಿಲ್ಲ. ವಯಸ್ಸು, ಹೊಟ್ಟೆಯ ಸುತ್ತಳತೆ, ಮೈಗೆ ದುಡಿಮೆ ಇದೆಯೇ, ತಂದೆ-ತಾಯಿಗೆ ಶುಗರ್ ಇತ್ತೇ — ಈ ನಾಲ್ಕರಲ್ಲಿ 100ಕ್ಕೆ 60 ಬಂದರೆ ಅಪಾಯ ಹೆಚ್ಚು. ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ಮುಟ್ಟಿದ ಹೊಟ್ಟೆಗೆ ಅಂಕ ಶುರು. ಆಶಾ ಕಾರ್ಯಕರ್ತೆ ಸೀರೆಯ ನಿರಿಗೆಯ ಮೇಲೆಯೇ ಟೇಪು ಸುತ್ತದಿದ್ದರೆ ಸಾಕು. ಅಂಕ ಹೆಚ್ಚು ಬಂದವರಿಗೆ ಗ್ಲುಕೋಮೀಟರ್, ಅನುಮಾನ ಉಳಿದವರಿಗೆ ಮಾತ್ರ ಎಚ್‌ಬಿಎ1ಸಿ. ಅದನ್ನು ಬರೆಯುವ ಚೀಟಿಯಲ್ಲೇ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಬರೆಯಲಿ.